ಕಂಡಿಕಿ ಹಾಕಿದಿ?

ನಮ್ಮ ಮನೆಯಲ್ಲಿ ಏನು ತೀರಿದರೂ ಬೆಲ್ಲ ಮಾತ್ರ ತೀರುತ್ತಿರಲಿಲ್ಲ. ಎಣ್ಣೆ ತೀರುತ್ತಿತ್ತು, ಚಹಾಪುಡಿ ತೀರುತ್ತಿತ್ತು, ನಮ್ಮವ್ವನ ತಾಳ್ಮೆಯಂತೂ ಮುಂಜಾನೆಯ ಚಹಾದ ಹೊತ್ತಿಗೇ ತೀರಿಹೋಗುತ್ತಿತ್ತು. ಆದರೆ ಅಡುಗೆಮನೆಯ ಮೂಲೆಯ ದೊಡ್ಡ ಡಬ್ಬಿಯಲ್ಲಿ ಬೆಲ್ಲದ ಪೆಂಟಿಗಳು ಒಂದರ ಮೇಲೊಂದು ಕೂತಿರುತ್ತಿದ್ದವು. ಬನಹಟ್ಟಿಯ ನಮ್ಮ ಓಣಿಯಲ್ಲಿ ಯಾರು ಹೋಳಿಗೆ ಮಾಡಿದರೂ, ಬೆಲ್ಲ ಕಡಿಮೆ ಬಿದ್ದರೆ ಬಟ್ಟಲು ಹಿಡಿದು ನಮ್ಮ ಬಾಗಿಲಿಗೇ ಬರುತ್ತಿದ್ದರು. "ಇವರ ಹಿತ್ತಲದಾಗ ಗಾಣ ಐತಿ ನೋಡ" ಎಂದು ಬಾಜೂ ಮನೆಯಾಕೆ ನಗುತ್ತಿದ್ದಳು.

ಗಾಣ ಇರಲಿಲ್ಲ, ಚಿಗವ್ವ ಇದ್ದಳು. ಚಿಗವ್ವ ಅಂದರೆ ನಮ್ಮವ್ವನ ತಂಗಿ. ಅವಳಿಗೆ ಎಚ್.ಐ.ವಿ. ಇದೆ. ಗಂಡನಿಂದ ಬಂದದ್ದು. ಅವನು ತೀರಿಕೊಂಡ ಮೇಲೆ ಅವಳು ಅಕ್ಕನ ಮನೆಗೆ ವಾಪಸ್ ಬಂದಳು. ಆ ಮನುಷ್ಯನ ಬಗ್ಗೆ ಇಷ್ಟೇ ಸಾಕು. ಚಿಗವ್ವನೇ ಒಂದು ದಿನವೂ ಬೈಯದವನನ್ನು ನಾನು ಬೈದು ಏನು ಮಾಡಲಿ. ಅವಳ ಗುಳಗಿ ಸರಕಾರಿ ದವಾಖಾನೆಯಲ್ಲಿ ಸಿಗುತ್ತವೆ. ನಮಗೆ ಜಮಖಂಡಿ ಹತ್ತಿರ, ಆದರೆ ಅಲ್ಲಿ ನಮ್ಮ ನೆಂಟರು ಹೆಜ್ಜೆಗೊಬ್ಬರು ಸಿಗುತ್ತಾರೆ. ಅದಕ್ಕೇ ಅವಳು ಮಹಾಲಿಂಗಪುರದಲ್ಲಿ ಬಸ್ಸು ಬದಲಿಸಿ ಮುಧೋಳಕ್ಕೆ ಹೋಗುತ್ತಿದ್ದಳು. ಓಣಿಯವರು ಎಲ್ಲಿಗೆ ಹೊಂಟಿ ಎಂದು ಕೇಳಿದರೆ "ಮಾಲಿಂಗಪುರಕ್ಕರಿ, ಬೆಲ್ಲ ತರಾಕ" ಎನ್ನುತ್ತಿದ್ದಳು. ಹೇಳಿದ್ದು ಸುಳ್ಳಾಗಬಾರದು ಎಂದು ಬರುವಾಗ ಬೆಲ್ಲ ತಂದೇ ತರುತ್ತಿದ್ದಳು.

ಚಿಗವ್ವನ ಸ್ವಭಾವವೇ ಹಾಗೆ. ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ. ಅದರ ಬದಲು ಖರೆಯನ್ನೇ ಸ್ವಲ್ಪ ಓರೆ ಹಿಡಿಯುತ್ತಾಳೆ. ಇದನ್ನು ನಾನು ಬಹಳ ಮೊದಲೇ ನೆನಪಿಟ್ಟುಕೊಳ್ಳಬೇಕಿತ್ತು.

ಒಳಕೋಣೆಯಲ್ಲಿ ಅವಳ ಕುಣಿಮಗ್ಗ. ನೆಲದ ತಗ್ಗಿನಲ್ಲಿ ಕಾಲು ಇಳಿಬಿಟ್ಟು ಕೂತು ಸೀರೆ ನೇಯುತ್ತಾಳೆ. ಪಡಸಾಲೆಯಲ್ಲಿ ಅವ್ವ ರಾಟಿ ತಿರುವಿ ಕಂಡಿಕಿ ಸುತ್ತುತ್ತಾಳೆ. ಕಂಡಿಕಿ ಅಂದರೆ ಸಣ್ಣ ಕೊಳವೆಗೆ ಸುತ್ತಿದ ನೂಲು. ಅದನ್ನು ಲಾಳಿಯೊಳಗೆ ಕೂರಿಸಬೇಕು, ಲಾಳಿ ಅತ್ತಿಂದಿತ್ತ ಓಡುತ್ತ ಆ ನೂಲನ್ನು ಬಿಡುತ್ತ ಹೋಗಬೇಕು. ಕಂಡಿಕಿ ತೀರಿದ ಮೇಲೂ ಲಾಳಿ ಓಡುತ್ತದೆ, ಮಗ್ಗದ ಸಪ್ಪಳವೂ ಹಾಗೇ ಇರುತ್ತದೆ, ಬಟ್ಟೆ ಮಾತ್ರ ಬೆಳೆಯುವುದಿಲ್ಲ. ಅಷ್ಟರೊಳಗೆ ನೋಡಿ ಇನ್ನೊಂದು ಹಾಕಿಕೊಳ್ಳಬೇಕು.

ಗುಳಗಿ ಶುರುವಾದಾಗ ದವಾಖಾನೆಯ ಬಾಯಾರು, ಅಂದರೆ ಅಲ್ಲಿ ರೋಗಿಗಳಿಗೆ ತಿಳಿಹೇಳುವ ಹೆಣ್ಣುಮಗಳು, ದಿನಾ ತಪ್ಪದೆ ತೆಗೆದುಕೊಳ್ಳಬೇಕು ಎಂದು ಹೇಳಿಕಳಿಸಿದ್ದರು. ನಮ್ಮ ಓಣಿಯಲ್ಲಿ ಎಲ್ಲ ಬಾಗಿಲೂ ತೆರೆದೇ ಇರುತ್ತವೆ. ಸುತ್ತಲಿನ ಪವರ್‌ಲೂಮುಗಳ ಗದ್ದಲದಲ್ಲಿ ಒದರದೆ ಮಾತೇ ಕೇಳಿಸುವುದಿಲ್ಲ. ಗುಳಗಿ ನುಂಗಿದಿ ಎಂದು ಅವ್ವ ದಿನಾ ಒದರಿದರೆ ಯಾತರ ಗುಳಗಿ ಎಂದು ಊರೇ ಬಂದು ಕೇಳುತ್ತದೆ. ಒಂದು ಮುಂಜಾನೆ ನ್ಯಾರಿ, ಅಂದರೆ ಬೆಳಗಿನ ತಿಂಡಿ, ಆದ ಮೇಲೆ ಅವ್ವ ರಾಟಿಯ ಮುಂದಿನಿಂದಲೇ ಕೂಗಿದಳು: "ಕಂಡಿಕಿ ಹಾಕಿದಿ?" ಒಳಗಿನಿಂದ ಚಿಗವ್ವ, ಒಂದು ಗಳಿಗೆ ತಡೆದು, "ಹಾಕೇನಿ" ಎಂದಳು. ಅಂದಿನಿಂದ ಅದೇ ಮಾತು. ನಾನು ಮದುವೆಯಾಗಿ ಜಮಖಂಡಿಗೆ ಹೋದ ಮೇಲೂ ಫೋನ್ ಮಾಡಿದರೆ ಮೊದಲು ಕೇಳುತ್ತಿದ್ದದ್ದು ಆರೋಗ್ಯವಲ್ಲ, ಕಂಡಿಕಿ. ನನ್ನ ಗಂಡ ಮೊದಮೊದಲು, ಎಂಥ ದುಡಿಯುವ ಮನೆತನ ಎಂದು ಬೆರಗಾಗಿದ್ದ. ಆಮೇಲೆ ಅವನಿಗೂ ಹೇಳಿದೆ.

ಗುಳಗಿ ಒಂದನ್ನೇ ನುಂಗಿ ಸುಮ್ಮನಿರುವ ಹೆಣ್ಣಲ್ಲ ನಮ್ಮ ಚಿಗವ್ವ. ಅಮೃತಬಳ್ಳಿಯ ರಸ ಕುಡಿದಳು. ಬೇವಿನ ಚಿಗುರು ತಿಂದಳು. ಲೋಳೆಸರವನ್ನು ಡಬ್ಬಿಯಲ್ಲಿ ನೆಟ್ಟು, ಅದು ನನ್ನಷ್ಟು ಬೆಳೆದ ಮೇಲೆ ಕೊಯ್ದು ಮಜ್ಜಿಗೆಯಲ್ಲಿ ಕಲಸಿದಳು. ಜಮಖಂಡಿಯಲ್ಲಿ ಒಬ್ಬರು ಹೋಮಿಯೋಪತಿಯ ಸಕ್ಕರೆ ಗುಂಡು ಕೊಡುತ್ತಾರೆ ಎಂದು ಕೇಳಿ, ಇದಕ್ಕಾಗಿ ಮಾತ್ರ ನೆಂಟರ ಭಯ ಬಿಟ್ಟು ಅಲ್ಲಿಗೂ ಹೋದಳು. ಟಿವಿಯಲ್ಲಿ ಉಸಿರು ಎಳೆದು ಬಿಡುವುದನ್ನು ಕಲಿಸುವವರ ಮುಂದೆ ಕೂತು ಬುಸ್ ಬುಸ್ ಎನ್ನುತ್ತಿದ್ದಳು. ಅವ್ವ ಒಳಗಿನಿಂದ "ಹಾವು ಬಂತೇನ ನೋಡ್ರಿ" ಎನ್ನುತ್ತಿದ್ದಳು.

ಒಮ್ಮೆ ನಾನೂ ಕೆಣಕಿದೆ. "ಗುಳಗಿ ಕೆಲಸ ಮಾಡಾಕತ್ತಾವ, ಮತ್ತ ಇದೆಲ್ಲ ಯಾಕ ಬೇ?" ಕಷಾಯದ ಲೋಟ ಹಿಡಿದು ಮುಂದಿನ ಕಟ್ಟೆಯ ಮೇಲೆ ಕೂತಿದ್ದಳು. ಹೋಗುವವರು ಬರುವವರು ಏನು ಕುಡಿಯುತ್ತೀ ಎಂದು ಕೇಳುತ್ತಿದ್ದರು, ಅವಳು ಹೇಳುತ್ತಿದ್ದಳು, ಅವರು ತಮಗೆ ಗೊತ್ತಿದ್ದ ಇನ್ನೊಂದು ಸೊಪ್ಪು ಹೇಳಿ ಹೋಗುತ್ತಿದ್ದರು. "ಆ ಗುಳಗಿ ಬಾಗಲಾ ಹಾಕ್ಕೊಂಡು ನುಂಗಬೇಕು. ಇದನ್ನ ಕಟ್ಟಿ ಮ್ಯಾಲೆ ಕುಂತು ಕುಡೀಬಹುದು ನೋಡ" ಎಂದಳು. ಅವತ್ತಿನಿಂದ ಅವಳ ಯಾವ ಕಷಾಯಕ್ಕೂ ನಾನು ನಕ್ಕಿಲ್ಲ. ದವಾಖಾನೆಯ ಬಾಯಾರೂ ಬೈಯುತ್ತಿರಲಿಲ್ಲ. ಏನು ತಗೊಂಡರೂ ನಮಗೆ ಹೇಳಿ ತಗೊಳ್ರಿ, ಗುಳಗಿ ಮಾತ್ರ ಬಿಡಬ್ಯಾಡ್ರಿ ಎನ್ನುತ್ತಿದ್ದರಂತೆ. ಚಿಗವ್ವ ಬಿಡುತ್ತಲೂ ಇರಲಿಲ್ಲ.

ಆಮೇಲೆ ನಾನು ಬಸುರಾದೆ. ಕುಬಸ, ಅಂದರೆ ಸೀಮಂತ, ಮಾಡಿ ಸೀರೆ ಉಡಿಸಿ ನನ್ನನ್ನು ಬನಹಟ್ಟಿಗೆ ಕರೆತಂದರು. ಚಿಗವ್ವನ ಸಂಭ್ರಮ ಹೇಳತೀರದು. ನನ್ನ ಹೊಟ್ಟೆಯನ್ನು ದೂರದಿಂದ ನೋಡಿ ಹೆಣ್ಣು ಎನ್ನುವಳು, ಹತ್ತಿರ ಬಂದು ನೋಡಿ ಗಂಡು ಎನ್ನುವಳು. ಹಳೆಯ ಮೆತ್ತನೆ ಸೀರೆಗಳನ್ನು ಹರಿದು ಕೂಸಿಗೆ ಬಟ್ಟೆ ಮಾಡಿಟ್ಟಳು. ಆದರೆ ಎರೆಯುವ ಮಾತು ಬಂದರೆ ಎದ್ದು ಮಗ್ಗಕ್ಕೆ ಹೋಗಿಬಿಡುತ್ತಿದ್ದಳು.

ಎರೆಯುವುದು ಅಂದರೆ ಕೂಸಿಗೆ ಎಣ್ಣೆ ಹಚ್ಚಿ ಸ್ನಾನ ಮಾಡಿಸುವುದು. ಮದುವೆಗೆ ಮೊದಲು ಚಿಗವ್ವ ಅದರಲ್ಲಿ ಓಣಿಗೇ ಹೆಸರಾಗಿದ್ದಳು. ಕಾಲು ಚಾಚಿ ಕೂತು ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡಳೆಂದರೆ ಅದು ಅಳುವುದನ್ನೇ ಮರೆಯುತ್ತಿತ್ತಂತೆ. ನನಗೆ ಎರೆದವಳೂ ಅವಳೇ. "ನಿನ್ನ ಮೂಗು ಹಿಂಗ ನೆಟ್ಟಗ ಇರಾಕ ನನ್ನ ಕೈನ ಕಾರಣ" ಎಂದು ಇಂದಿಗೂ ಹೇಳುತ್ತಾಳೆ. ಬ್ಯಾನಿಯೊಂದಿಗೆ, ಅಂದರೆ ಈ ರೋಗದೊಂದಿಗೆ, ಅಕ್ಕನ ಮನೆಗೆ ಬಂದ ಮೇಲೆ ಅವಳು ಒಂದು ಕೂಸನ್ನೂ ಕಾಲ ಮೇಲೆ ಹಾಕಿಕೊಂಡಿರಲಿಲ್ಲ. ಕರೆದವರಿಗೆ ಮೊಳಕಾಲು ನೋಯುತ್ತದೆ ಎನ್ನುತ್ತಿದ್ದಳು. ಮೊಳಕಾಲು ನೋಯುತ್ತಿದ್ದುದೂ ಖರೆಯೇ.

ಒಂದು ಮಧ್ಯಾಹ್ನ ನನಗೆ ಮಾದಲಿ ತಿನ್ನಬೇಕೆನಿಸಿತು. ಬಸುರಿಯ ಆಸೆ, ತಡೆಯುವಂಥದ್ದಲ್ಲ. ಗೋದಿಯ ಪುಡಿ ಇತ್ತು, ಗಸಗಸೆ ಇತ್ತು. ಅವ್ವ ಡಬ್ಬಿಗೆ ಕೈ ಹಾಕಿ, "ಬೆಲ್ಲಾನ ಇಲ್ಲಲ್ಲ ಮನ್ಯಾಗ" ಎಂದು ತನಗೆ ತಾನೇ ಅಂದುಕೊಂಡು, ಬಟ್ಟಲು ಹಿಡಿದು ಬಾಜೂ ಮನೆಗೆ ಹೊರಟಳು. ನಮ್ಮ ಮನೆಯಲ್ಲಿ ಬೆಲ್ಲ ತೀರಿದೆ ಅಂದರೆ ಚಿಗವ್ವ ಮಹಾಲಿಂಗಪುರಕ್ಕೆ ಹೋಗಿಲ್ಲ. ಮಹಾಲಿಂಗಪುರಕ್ಕೆ ಹೋಗಿಲ್ಲ ಅಂದರೆ ಮುಧೋಳಕ್ಕೆ ಹೋಗಿಲ್ಲ. ಮುಧೋಳಕ್ಕೆ ಹೋಗಿಲ್ಲ ಅಂದರೆ ಮನೆಯಲ್ಲಿ ಗುಳಗಿ ಇಲ್ಲ. ಆದರೆ ಅವತ್ತು ಮುಂಜಾನೆಯೂ ನಾನೇ ಕೇಳಿದ್ದೆ, ಅವಳೇ ಹಾಕೇನಿ ಎಂದಿದ್ದಳು.

ಒಳಗೆ ಹೋಗಿ ಮಗ್ಗದ ಮುಂದೆ ನಿಂತೆ. "ಚಿಗವ್ವ, ಕಂಡಿಕಿ ಹಾಕಿದಿ?"

"ಹಾಕೇನಿ."

"ಯಾತಕ್ಕ ಹಾಕಿದಿ?"

ಲಾಳಿ ನಿಂತಿತು. ಅವಳು ತಲೆ ಎತ್ತಲಿಲ್ಲ. "ಲಾಳಿಗೆ" ಎಂದಳು. "ನೀವು ಕೇಳಿದ್ದು ಕಂಡಿಕಿ, ನಾ ಹೇಳಿದ್ದೂ ಕಂಡಿಕಿ. ಸುಳ್ಳ ಹೇಳಿಲ್ಲ" ಎಂದು ಸೇರಿಸಿದಳು.

ನನಗೆ ಬಂದ ಸಿಟ್ಟು ಎಂಥದ್ದು ಎಂದರೆ, ಹೊಟ್ಟೆಯೊಳಗಿನ ಕೂಸೂ ಒದ್ದಿತು. ಹೊಡೆಯಬೇಕೆನಿಸಿತು, ಅಪ್ಪಿಕೊಂಡು ಅಳಬೇಕೆನಿಸಿತು. ಎರಡನ್ನೂ ಮಾಡಲಾಗದೆ ಮಗ್ಗದ ಪಕ್ಕದ ಗೋಡೆಗೆ ಆತು ಕೂತೆ. ಎಳೆ ಎಳೆಯಾಗಿ ಅವಳ ಮಾತು ಹೊರಬಂತು. ಬೀಳಗಿಯ ಆಚೆ, ಹೊಳೆಯ ದಂಡೆಯ ಅನಗವಾಡಿಯ ಕಡೆ, ಗಿಡಮೂಲಿಕೆ ಕೊಡುವ ಅಜ್ಜ ಒಬ್ಬರಿದ್ದಾರೆ. ಕೆಟ್ಟ ರಕ್ತ ಶುದ್ಧ ಮಾಡುತ್ತಾರೆ ಎಂದು ಯಾರೋ ಬಸ್ಸಿನಲ್ಲಿ ಹೇಳಿದ್ದರು. ಚಿಗವ್ವ ಒಬ್ಬಳೇ ಹೋಗಿ ಪುಡಿ ತಂದಿದ್ದಳು. ಅದಕ್ಕೆ ಪಥ್ಯ ಇತ್ತು. ಹುಳಿ ಇಲ್ಲ, ಬದನೆಕಾಯಿ ಇಲ್ಲ, ಬೆಲ್ಲ ಇಲ್ಲ, ಬೇರೆಯವರ ಔಷಧ ಹೊಟ್ಟೆಗೆ ಹೋಗುವ ಹಾಗಿಲ್ಲ. ಅದಕ್ಕೇ ಗುಳಗಿ ಬಿಟ್ಟಿದ್ದಳು.

"ಎಷ್ಟ ದಿನದ ಪಥ್ಯ ಇದು?" ಎಂದೆ.

"ನೀ ಹಡಿಯೂತನಾ" ಎಂದಳು. "ಅಷ್ಟರಾಗ ಮೈ ಶುದ್ಧ ಆದ್ರ, ಕೂಸಿಗೆ ನಾನ ಎರೀಬೇಕಂತ."

ಎರೆದರೆ ಏನೂ ಹತ್ತುವುದಿಲ್ಲ, ಮುಟ್ಟಿದರೆ ಹತ್ತುವುದಿಲ್ಲ, ಮುದ್ದು ಕೊಟ್ಟರೆ ಹತ್ತುವುದಿಲ್ಲ, ಇದನ್ನು ಬಾಯಾರು ನಿನಗೆ ಎಷ್ಟು ಸಲ ಹೇಳಿಲ್ಲ, ನಾನು ಎಷ್ಟು ಸಲ ಹೇಳಿಲ್ಲ, ಇಷ್ಟು ವರ್ಷ ಅವ್ವನ ಸಂಗಡ ಒಂದೇ ಗಂಗಾಳದಲ್ಲಿ ಉಂಡೀಯಲ್ಲ, ಅಕೀಗೆ ಏನಾತು ಎಂದು ಒದರಿದೆ. ಅವಳು ಎಲ್ಲ ಕೇಳಿದಳು. "ಗೊತ್ತೈತಿ" ಎಂದಳು. "ನನ್ನ ತಲಿಗೆ ಗೊತ್ತೈತಿ. ಈ ಕೈಗೆ ಗೊತ್ತಿಲ್ಲವಾ. ಕೂಸಿನ ಮ್ಯಾಲೆ ಇಡಾಕ ಹೋದ್ರ ತಾನ ಹಿಂದ ಬರತೈತಿ."

ಗುಳಗಿ ಇವತ್ತೇ ಶುರು ಮಾಡು, ನಾಳೆ ಮುಧೋಳಕ್ಕೆ ಹೋಗೋಣ ಎಂದರೆ ಒಪ್ಪಲಿಲ್ಲ. ಪಥ್ಯ ಹಿಡಿಸಿದವರ ಬಾಯಿಂದಲೇ ಪಥ್ಯ ಬಿಡಬೇಕು, ನಡುವೆ ಮುರಿದರೆ ಮನೆಯ ಕೂಸಿಗೆ ತಟ್ಟುತ್ತದೆ ಎಂದು ಹಟ ಹಿಡಿದಳು. ಅವ್ವ ಬೈದಳು, ಅತ್ತಳು, ಮತ್ತೆ ಬೈದಳು. ನಾನು ನನ್ನ ಗಂಡನಿಗೆ ಫೋನ್ ಮಾಡಿ ಗಾಡಿ ತರಲು ಹೇಳಿದೆ. ಇಷ್ಟು ದೊಡ್ಡ ಹೊಟ್ಟೆ ಹೊತ್ತುಕೊಂಡು ಆ ರಸ್ತೆಯಲ್ಲಿ ಹೋಗುವುದಾ ಎಂದು ಅವ್ವ ನನಗೂ ಬೈದಳು. ಹೊಟ್ಟೆಯೊಳಗಿನವರ ಸಲುವಾಗಿಯೇ ಇದೆಲ್ಲ ನಡೆದಿದೆ, ಅವರೂ ಬರಲಿ ಎಂದೆ. ಬೈಯುತ್ತಲೇ ಅವ್ವನೂ ಗಾಡಿ ಹತ್ತಿದಳು.

ಜಮಖಂಡಿ ದಾಟಿ ಬೀಳಗಿ ದಾಟಿ ಹೋಗುವಷ್ಟು ಹೊತ್ತೂ ಚಿಗವ್ವ ಕಿಟಕಿಯ ಹೊರಗೆ ಕಬ್ಬು ನೋಡುತ್ತ ಕೂತಿದ್ದಳು. ನಾನು ದಾರಿಯುದ್ದಕ್ಕೂ ಆ ಅಜ್ಜನಿಗೆ ಹೇಳಬೇಕಾದ ಬೈಗುಳಗಳನ್ನು ಜೋಡಿಸಿಕೊಳ್ಳುತ್ತಿದ್ದೆ.

ಅಜ್ಜ ಬೈಸಿಕೊಳ್ಳುವಂಥವರಾಗಿರಲಿಲ್ಲ, ಅದೇ ಕಷ್ಟವಾಯಿತು. ಬೇವಿನ ಗಿಡದ ಕೆಳಗೆ ಹೊರಸಿನ ಮೇಲೆ ಕೂತಿದ್ದರು. ಊಟ ಮಾಡಿ ಕೈ ಒರೆಸಿಕೊಳ್ಳುತ್ತಿದ್ದರು. ನನ್ನನ್ನು ನೋಡಿದ್ದೇ, "ಬಸುರಿ ಹೆಣ್ಮಗಳನ್ನ ಬಿಸಲಾಗ ನಿಂದರಿಸಬ್ಯಾಡ್ರಿ" ಎಂದು ಹೊರಸು ಬಿಟ್ಟು ಕೆಳಗೆ ಕೂತರು. ಜೋಡಿಸಿಟ್ಟ ಬೈಗುಳಗಳೆಲ್ಲ ಎಲ್ಲಿ ಹೋದವೋ.

"ಇವರು ನಿಮಗ ಏನ ಬ್ಯಾನಿ ಅಂತ ಹೇಳ್ಯಾರ್ರಿ ಅಜ್ಜಾರ?" ಎಂದೆ.

"ರಕ್ತ ಕೆಟ್ಟೈತಿ ಅಂದ್ರು. ಮೈಮ್ಯಾಲೆ ಗುಳ್ಳಿ ಏಳತಾವೇನೋ ಅಂತ ನಾ ರಕ್ತಶುದ್ಧಿ ಪುಡಿ ಕೊಟ್ಟೆ."

ನಾನು ಚಿಗವ್ವನ ಕಡೆ ನೋಡಿದೆ. ಅವಳೇ ಹೇಳಬೇಕಿತ್ತು, ನಾನು ಹೇಳಿದರೆ ಏನೂ ಆಗುತ್ತಿರಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಸುತ್ತಿದಳು. "ನನಗ ಎಚ್.ಐ.ವಿ. ಐತ್ರಿ" ಎಂದಳು. ದವಾಖಾನೆಯ ಹೊರಗೆ, ಹೊರಗಿನವರ ಮುಂದೆ, ಅವಳ ಬಾಯಲ್ಲಿ ಆ ಮಾತನ್ನು ನಾನು ಮೊದಲ ಸಲ ಕೇಳಿದ್ದು ಅವತ್ತೇ.

ಅಜ್ಜ ಗಾಬರಿಯಾಗಲಿಲ್ಲ, ಹಿಂದೆಯೂ ಸರಿಯಲಿಲ್ಲ. "ಗುಳಗಿ ಕೊಡತಾರಲ್ಲ ಅದಕ್ಕ, ತಗೊಳ್ಳಾಕತ್ತಿ ಇಲ್ಲ?" ಎಂದು ಕೇಳಿದರು.

"ನೀವ ಬ್ಯಾರೆ ಔಷಧ ಬ್ಯಾಡ ಅಂದ್ರೆಲ್ರಿ."

"ಏ ತಂಗಿ, ನಾ ಅಂದದ್ದು ನನ್ನಂಥಾ ಇನ್ನೊಬ್ಬ ಬೇರು ಕೊಡಾವನ ಔಷಧ. ಅಂವನ ಪುಡಿ ನನ್ನ ಪುಡಿ ಕೂಡಿ ಹೊಟ್ಟ್ಯಾಗ ಜಗಳಾ ಆಡಬಾರದಂತ. ದವಾಖಾನಿ ಗುಳಗಿ ಬಿಡು ಅಂದೇನೇನ ನಾನು?" ಎಂದು ಅಂಗಿಯ ಕಿಸೆಗೆ ಕೈ ಹಾಕಿ ಗುಳಗಿಯ ಪಾಕೀಟು ತೆಗೆದು ತೋರಿಸಿದರು. "ನೋಡಿಲ್ಲೆ, ನಂದ ಸಕ್ಕರಿ ಬ್ಯಾನಿದು. ಉಂಡ ಕೂಡಲೆ ತಗೋಬೇಕು. ನಿಮ್ಮ ಗದ್ದಲದಾಗ ಮರತೇಬಿಟ್ಟಿದ್ದೆ." ನಮ್ಮೆದುರಿಗೇ ಒಂದನ್ನು ಬಾಯಿಗೆ ಹಾಕಿಕೊಂಡು ನೀರು ಕುಡಿದರು. ಅವ್ವ ಬಾಯಿ ಮುಚ್ಚಿಕೊಂಡು ನಕ್ಕಳು.

ಆಮೇಲೆ ಅವರ ದನಿ ಬದಲಾಯಿತು. "ಈ ಬ್ಯಾನಿಗೆ ನನ್ನ ಕಡೆ ಔಷಧ ಇಲ್ಲವಾ. ಮೊದಲ ಖರೆ ಹೇಳಿದ್ರ ಅವತ್ತ ಹೇಳತಿದ್ದೆ. ನನ್ನ ಪುಡಿ ಇವತ್ತಿಗೆ ಸಾಕು. ಪಥ್ಯ ಬಿಡಸ್ತೇನಿ." ಒಳಗೆ ಕೂಗಿ ಹೇಳಿದರು, ಅವರ ಹೆಂಡತಿ ಅಂಗೈಯಲ್ಲಿ ಬೆಲ್ಲದ ಚೂರು ಹಿಡಿದು ಬಂದರು. ಪಥ್ಯ ಬಿಡಿಸುವುದು ಸಿಹಿ ತಿನ್ನಿಸಿಯೇ ಅಂತೆ. ಚಿಗವ್ವ ಕಣ್ಣು ಒರೆಸಿಕೊಳ್ಳುತ್ತಲೇ ಬೆಲ್ಲ ಚೀಪಿದಳು. ಗಾಡಿ ಹತ್ತಿದ ಮೇಲೆ ನನ್ನ ಕಿವಿಯ ಹತ್ತಿರ ಬಾಗಿ, "ಇದು ಮಾಲಿಂಗಪುರದ ಬೆಲ್ಲಲ್ಲ ತಗಿ. ಉಪ್ಪುಪ್ಪು ಐತಿ" ಎಂದಳು. ಆಗ ನನಗೆ ಜೀವ ಬಂದ ಹಾಗಾಯಿತು.

ಮರುದಿನ ಮುಧೋಳದಲ್ಲಿ ಬಾಯಾರು ಅವಳ ಕೈ ಹಿಡಿದು ಕೂರಿಸಿ ಎಲ್ಲವನ್ನೂ ಕೇಳಿದರು. ಡಾಕ್ಟರು ರಕ್ತ ತೆಗೆದು, ಗುಳಗಿ ಮತ್ತೆ ಶುರು ಮಾಡಿ, ಕೆಲವು ತಿಂಗಳು ಬಿಟ್ಟು ಇನ್ನೊಮ್ಮೆ ನೋಡೋಣ, ಆಗ ತಿಳಿಯುತ್ತದೆ ಎಂದರು. ಇಷ್ಟು ದಿನ ಬಿಟ್ಟಿದ್ದರಿಂದ ಗುಳಗಿ ಮೈಗೆ ಹತ್ತದೇ ಹೋದರೆ ಎಂಬ ಹೆದರಿಕೆಯಲ್ಲೇ ನನ್ನ ಕೊನೆಯ ತಿಂಗಳು ಕಳೆಯಿತು. ದಿನಾ ಮುಂಜಾನೆ ನಾನು ಕೇಳುವ ಪ್ರಶ್ನೆ ಮಾತ್ರ ಬದಲಾಗಿತ್ತು. ಕಂಡಿಕಿ ಹಾಕಿದಿ ಎಂದು ಕೇಳಿ, ನಾಲಿಗೆ ತೋರಿಸು ಎನ್ನುತ್ತಿದ್ದೆ. ಅವಳು ನಾಲಿಗೆ ಚಾಚಿ ಅಣಕಿಸುತ್ತಿದ್ದಳು.

ಮಗಳು ಹುಟ್ಟಿದಳು. ಎರೆಯಲು ಅವ್ವ ಓಣಿಯ ಇನ್ನೊಬ್ಬ ಹೆಣ್ಣುಮಗಳಿಗೆ ಹೇಳಿಟ್ಟಿದ್ದಳು. ನಾನು ಅವಳನ್ನು ಬಾಗಿಲಲ್ಲೇ ನಿಲ್ಲಿಸಿ, ಚಹಾ ಕುಡಿಸಿ, ವಾಪಸ್ ಕಳಿಸಿದೆ. "ನನ್ನ ಮಗಳಿಗೆ ಎರಿಯಾಕಿ ಮನ್ಯಾಗ ಅದಾಳ" ಎಂದೆ. ಚಿಗವ್ವ ಮಗ್ಗದಿಂದ ಏಳಲಿಲ್ಲ. ಮೊಳಕಾಲು ಎಂದಳು. ಸರಿ, ಹಾಗಾದರೆ ಕೂಸು ಹೀಗೇ ಇರಲಿ, ವಾಸನೆ ಹಿಡಿಯಲಿ, ನನಗೇನು ಎಂದು ನಾನೂ ಹಾಸಿಗೆ ಹಿಡಿದು ಮಲಗಿದೆ. ಅವ್ವ ಬಿಸಿನೀರು ಕಾಯಿಸಿದಳು, ಅದು ಆರಿತು, ಮತ್ತೆ ಕಾಯಿಸಿದಳು. ಬಾಣಂತಿಗೆ ಹುಚ್ಚು ಹಿಡಿದಿದೆ ಎಂದಳು. ಎರಡನೆಯ ಸಲ ನೀರು ಆರುವ ಹೊತ್ತಿಗೆ ಮಗ್ಗದ ಸಪ್ಪಳ ನಿಂತಿತು. ಚಿಗವ್ವ ಬಂದು ಬಚ್ಚಲಿನಲ್ಲಿ ಕಾಲು ಚಾಚಿ ಕೂತಳು. ನಾನು ಕೂಸನ್ನು ಅವಳ ಕಾಲ ಮೇಲೆ ಇಟ್ಟೆ. ಅವಳ ಕೈ ಕೂಸಿನ ಮೇಲೆ ಹೋಗಿ, ಮುಟ್ಟದೆ ನಿಂತಿತು. ಅವಳ ಕೈಯ ಮೇಲೆ ನನ್ನ ಕೈ ಇಟ್ಟು ಒತ್ತಿದೆ. ಅಷ್ಟೇ ಬೇಕಾಗಿತ್ತು. ಆಮೇಲೆ ನಾನು ಅಲ್ಲಿ ಇದ್ದೇನೆ ಎಂಬುದೂ ಆ ಕೈಗಳಿಗೆ ನೆನಪಿರಲಿಲ್ಲ. ಎದೆ ತೀಡಿದವು, ಬೆನ್ನು ತೀಡಿದವು, ಮೂಗು ನೆಟ್ಟಗೆ ಮಾಡಿದವು.

ಅವಳ ರಕ್ತ ಮತ್ತೆ ನೋಡಿದಾಗ ಗುಳಗಿ ಚೆನ್ನಾಗಿ ಹತ್ತಿವೆ ಎಂದರು. ಅವತ್ತು ಚಿಗವ್ವ ಎರಡು ಚೀಲ ತುಂಬ ಬೆಲ್ಲ ತಂದಳು. ಆದರೆ ನನಗೆ ಹೆಚ್ಚು ನೆನಪಿರುವುದು ಅದಕ್ಕೂ ಮೊದಲಿನ ಒಂದು ಮುಂಜಾನೆ. ಚಿಗವ್ವ ಎರೆಯಲು ಕೂತಿದ್ದಳು, ಕೈಯೆಲ್ಲ ಎಣ್ಣೆ. ಬಾಜೂ ಮನೆಯಾಕೆ ಕೂಸನ್ನು ನೋಡಲು ಬಂದು ಬಚ್ಚಲಿನ ಬಾಗಿಲಲ್ಲಿ ನಿಂತಿದ್ದಳು. ಅವಳಿದ್ದಾಳೆ ಎಂದು ನಾನು ಮೆಲ್ಲಗೆ, "ಕಂಡಿಕಿ ಹಾಕಿದಿ?" ಎಂದೆ.

"ಇಲ್ಲವಾ, ಮರತೆ" ಎಂದಳು ಚಿಗವ್ವ. "ಕೈ ಎಣ್ಣಿ ಆಗೇತಿ. ನೀನ ಹಾಕ." ಬಾಯಿ ತೆರೆದಳು.

ನಾನು ಬಾಜೂ ಮನೆಯಾಕೆಯನ್ನು ನೋಡಿದೆ, ಚಿಗವ್ವನನ್ನು ನೋಡಿದೆ. ಅವಳು ತೆರೆದ ಬಾಯಿ ಮುಚ್ಚಲಿಲ್ಲ. ಒಳಗಿನಿಂದ ಗುಳಗಿ ತಂದು, ಸಣ್ಣವಳಿದ್ದಾಗ ಅವಳು ನನಗೆ ತುತ್ತು ಇಡುತ್ತಿದ್ದ ಹಾಗೆ ಅವಳ ನಾಲಿಗೆಯ ಮೇಲಿಟ್ಟು ನೀರು ಕುಡಿಸಿದೆ.

"ಅಯ್ಯ, ಬಾಣಂತಿ ಗುಳಗಿ ಇಕೀಗೆ ತಿನಸಾಕತ್ತೀಯಲ್ಲ" ಎಂದು ಬಾಜೂ ಮನೆಯಾಕೆ ನಕ್ಕಳು.

"ನಂದ ಗುಳಗಿ ಅದು" ಎಂದಳು ಚಿಗವ್ವ. "ದಿನಾ ತಗೋಬೇಕು. ಬಿಟ್ರ ನಡಿಯಂಗಿಲ್ಲ."

"ಯಾತಕ್ಕವಾ?"

ಚಿಗವ್ವ ಕಾಲ ಮೇಲಿನ ಕೂಸಿನ ಕಡೆ ಗದ್ದ ತೋರಿಸಿದಳು. "ಇದಕ್ಕ. ಇಕಿ ನಾಳೆ ದೊಡ್ಡಾಕ್ಯಾಗಿ ಹಡಿಯೂ ಕೂಸಿಗೂ ನಾನ ಎರೀಬೇಕಲ್ಲ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ನಿಂತು ಏನ ನೋಡತಿ, ನೀರ ಹಾಕ. ಕೂಸಿಗೆ ಥಂಡಿ ಆಗತೈತಿ" ಎಂದಳು.